ಭೂಮಿ ಹುಣ್ಣಿಮೆಗೆ ರಜೆ ಇದೆಯಾ?

ಹೊಸದಾಗಿ ಸರ್ಕಾರಿ ಕೆಲಸಕ್ಕೆ ಸೇರಿದ್ದೀರಿ, ಮಲೆನಾಡಿನ ರೈತರು ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ ತೀರ್ಥಹಳ್ಳಿಯ ಮನೆಗೆ ಹೋಗಲು ರಜೆ ಸಿಗುತ್ತದಾ ಅಂತ ಕೇಳಿದ್ದೀರಿ. ಆ ಹೆಸರಲ್ಲಿ ಸಾರ್ವತ್ರಿಕ ರಜೆ ಇಲ್ಲ. ಆದರೆ ವಾಲ್ಮೀಕಿ ಜಯಂತಿಯೂ ಆಶ್ವೀಜ ಹುಣ್ಣಿಮೆಗೇ ಬರುತ್ತದೆ, ಅದಕ್ಕೆ ರಜೆ ಉಂಟು. ಭಾನುವಾರ ಬಿದ್ದರೆ ಮಾತ್ರ ಬೇರೆ ದಿನ ಕೊಡುವುದಿಲ್ಲ. ಬೆಳಿಗ್ಗೆ ಕಚೇರಿಯಲ್ಲಿ ಜಯಂತಿ ಆಚರಣೆ ಇರುತ್ತದೆ, ಹಾಗಾಗಿ ಮೊದಲೇ ಮೇಲಧಿಕಾರಿಗೆ ಹೇಳಿಡಿ.

ಹಿಂದಿನ ದಿನಕ್ಕೆ ಸಾಂದರ್ಭಿಕ ರಜೆ ಹಾಕಿ. 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟಾಗ ಈ ಸಾಂದರ್ಭಿಕ ರಜೆ ವರ್ಷಕ್ಕೆ 15 ದಿನದಿಂದ 10ಕ್ಕೆ ಇಳಿಯಿತು, ಸುಮ್ನೆ ಖರ್ಚು ಮಾಡಬೇಡಿ. ಆದರೆ ಇದಕ್ಕೆ ಖಂಡಿತ ಹಾಕಿ. ರಾತ್ರಿಯಿಡೀ ಸೊಪ್ಪು ಬೇಯಿಸಿ, ಚಿತ್ತಾರದ ಬುಟ್ಟಿ ಹೊತ್ತು, ಬೆಳಕು ಹರಿಯುವ ಮೊದಲೇ ತೆನೆ ಕಟ್ಟುತ್ತಿರುವ ಬಸುರಿ ಗದ್ದೆಗೆ ಚರಗ (ಬೇಯಿಸಿದ ಸೊಪ್ಪಿನ ಎಡೆ) ಬೀರುವಾಗ ಮನೆಯವರ ಜೊತೆ ಇರಬೇಕು, ಅಲ್ವಾ?