ಕೊಪ್ಪಳದ ಡೈವರ್ ಕಡಲಿಗೆ ಏನು ಮಾಡಬಹುದು?

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಸ್ಟರ್ (ಡೈವರ್‌ಗಳನ್ನು ನೀರಿನಡಿ ಕರೆದೊಯ್ಯುವ ಮಾರ್ಗದರ್ಶಿ) ಆಗಿದ್ದೀರಿ, ಕಸ ಹೆಕ್ಕುವುದು ಬಿಟ್ಟು ಕಡಲಿಗೆ ಇನ್ನೇನು ಮಾಡಬಹುದು ಅಂತ ಕೇಳಿದ್ದೀರಿ, ಅಲ್ವಾ? ನಾನೂ ಕೊಪ್ಪಳದ ಕಡೆಯವನೇ.

ಮೊದಲು ದೋಣಿಯವರ ಹತ್ತಿರ ಮಾತಾಡಿ. ಲಂಗರು ಬಿದ್ದರೆ ವರ್ಷಗಟ್ಟಲೆ ಬೆಳೆದ ಹವಳ ಒಂದೇ ಏಟಿಗೆ ಪುಡಿ, ಅದಕ್ಕೆ ನೀರ ಮೇಲೆ ತೇಲುವ ಕಾಯಂ ಬೋಯ್‌ಗೆ ದೋಣಿ ಕಟ್ಟುವುದು ಒಳ್ಳೆಯದು. ಹೊಸ ಡೈವರ್‌ಗಳ ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ತಾಗಿದರೂ ಹವಳ ಮುರಿಯುತ್ತದೆ.

ಬಲೆ ಸಿಕ್ಕರೆ ಸುಮ್ನೆ ಎಳೆಯಬೇಡಿ. ನಮ್ಮ ತುಂಗಭದ್ರಾ ಹಿನ್ನೀರಲ್ಲಿ ಮರದ ಬೊಡ್ಡೆಗೆ ಸಿಕ್ಕಿಕೊಂಡ ನೈಲಾನ್ ಬಲೆ ನೋಡಿದ್ದೇನೆ, ಯಾರು ಬಿಟ್ಟು ಹೋದರೋ, ಅದರಲ್ಲಿ ಮೀನು ಸಾಯುತ್ತಲೇ ಇದ್ದವು. ಕಡಲಲ್ಲೂ ಅದೇ ಕತೆ. ಒಳಗೆ ಜೀವ ಇದೆಯಾ ನೋಡಿ, ಸ್ವಲ್ಪ ಸ್ವಲ್ಪವೇ ಕತ್ತರಿಸಿ.

ಸಿಕ್ಕ ಕಸದ ಲೆಕ್ಕವನ್ನು 'ಡೈವ್ ಅಗೇನ್‌ಸ್ಟ್ ಡೆಬ್ರಿ'ಗೆ ಹಾಕಿ, ಡೈವರ್‌ಗಳು ನೀರಿನಡಿಯ ಕಸದ ಲೆಕ್ಕ ಕೊಡುವ ಈ ಕಾರ್ಯಕ್ರಮ 2011ರಿಂದ ನಡೆಯುತ್ತಿದೆ. ಊರಿಗೆ ಬಂದಾಗ ಹೊಳೆ ದಂಡೆಯನ್ನೂ ನೋಡಿ, ತುಂಗಭದ್ರೆ ಕೃಷ್ಣೆ ಸೇರಿ ಹೋಗುವುದು ಬಂಗಾಳ ಕೊಲ್ಲಿಗೇ.