ಬೆರಳು ಹೋದಾಗ ಮೊದಲು ಬೇಕಾದದ್ದು ಅಪಘಾತ ವರದಿ

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್‌ಗೆ (ಲೋಹದ ತಗಡು ಒತ್ತುವ ಯಂತ್ರ) ಸಿಕ್ಕಿ ಬಲಗೈ ಹೆಬ್ಬೆರಳು ಪೂರ್ತಿ ಹೋಯಿತು. ಅಂಗವೈಕಲ್ಯ ಶೇ 40 ಇಲ್ಲದಿದ್ದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಪಿಂಚಣಿ ಸಿಗದು ಎನ್ನುತ್ತಾರೆ. ನಿಜವೇ?

ಉತ್ತರ: ಸುಳ್ಳು. ಇದನ್ನು ನಂಬಿ ಅರ್ಜಿಯನ್ನೇ ಹಾಕದೆ ಕೂರುವವರನ್ನು ಕಂಡರೆ ಸಂಕಟವಾಗುತ್ತದೆ. ಶೇ 40ರ ಲೆಕ್ಕ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯದು, ಸರ್ಕಾರಿ ನೌಕರಿಯ ಮೀಸಲಾತಿಯಂಥವಕ್ಕೆ. ಇಎಸ್‌ಐ ನೋಡುವುದು ದುಡಿಯುವ ಶಕ್ತಿ ಎಷ್ಟು ಕುಂದಿತು ಎಂಬುದನ್ನು. ಅದಕ್ಕೆ ಕಾನೂನಿನಲ್ಲೇ ಪಟ್ಟಿಯಿದೆ: ಹೆಬ್ಬೆರಳು ಪೂರ್ತಿ ಹೋದರೆ ಶೇ 30, ತೋರುಬೆರಳು ಪೂರ್ತಿ ಹೋದರೆ ಶೇ 14, ಅದರ ತುದಿಯ ಒಂದೇ ಗೆಣ್ಣು ಹೋದರೂ ಶೇ 9.

ದಿನದ ಸರಾಸರಿ ಕೂಲಿ 600 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಶೇ 90, ಅಂದರೆ 540. ಅದರಲ್ಲಿ ಶೇ 30 ಎಂದರೆ ದಿನಕ್ಕೆ 162, ಮೂವತ್ತು ದಿನಕ್ಕೆ 4,860 ರೂಪಾಯಿ. ಜೀವ ಇರುವ ತನಕ ಬರುತ್ತದೆ, ಅದೇ ಕೆಲಸದಲ್ಲಿ ಮುಂದುವರಿದರೂ ನಿಲ್ಲುವುದಿಲ್ಲ. ಗಾಯ ಮಾಯುವವರೆಗಿನ ರಜೆಗೆ ಬೇರೆಯಾಗಿ ಕೂಲಿಯ ಶೇ 90 ಉಂಟು. ಇದಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇಲ್ಲ.

ಕೆಲಸ ಕೆಡುವುದು ಮೊದಲ ದಿನವೇ. ಪ್ರೆಸ್‌ಗೆ ಕೈ ಸಿಗದಂತೆ ತಡೆಯುವ ಗಾರ್ಡ್ ಇರುವುದಿಲ್ಲ. ಮಾಲೀಕರು ತಪಾಸಣೆಗೆ ಹೆದರಿ ಹತ್ತಿರದ ನರ್ಸಿಂಗ್ ಹೋಂಗೆ ಒಯ್ದು, ‘ಮನೆಯಲ್ಲಿ ಗಾಯ’ ಎಂದು ಬರೆಸುತ್ತಾರೆ. ಆ ಒಂದು ಸಾಲು ವರ್ಷಗಟ್ಟಲೆ ಕಾಡುತ್ತದೆ. ಚೀಟಿಯಲ್ಲಿ ಏನು ಬರೆದಿದ್ದಾರೆಂದು ಜೊತೆಗಿದ್ದವರು ಅಲ್ಲೇ ಓದಿಸಿ, ತಪ್ಪಿದ್ದರೆ ಆಗಲೇ ತಿದ್ದಿಸಬೇಕು. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ದಿನಾಂಕ, ಪಾಳಿ, ಯಂತ್ರ, ಕಂಡವರ ಹೆಸರು ಇರಬೇಕು. ಮಾಲೀಕರು ಅಪಘಾತ ವರದಿಯನ್ನು, ಅಂದರೆ ಫಾರಂ 12 ಅನ್ನು, ಇಎಸ್‌ಐಗೆ ಕೂಡಲೇ ಸಲ್ಲಿಸಬೇಕು. ಸಲ್ಲಿಸದಿದ್ದರೆ ಬೇಡಿಕೊಳ್ಳುತ್ತ ಕೂರಬೇಡಿ. ಇಎಸ್‌ಐ ಶಾಖಾ ಕಚೇರಿಗೆ ನೀವೇ ಬರೆದುಕೊಟ್ಟು ನಕಲಿಗೆ ಮೊಹರು ಹಾಕಿಸಿಕೊಳ್ಳಿ. ಇಪ್ಪತ್ತು ಸಾವಿರ ಕೊಟ್ಟು ‘ಇನ್ನೇನೂ ಕೇಳುವುದಿಲ್ಲ’ ಎಂದು ಬರೆಸಿಕೊಂಡ ಪತ್ರದಿಂದ ಇಎಸ್‌ಐ ಹಕ್ಕು ಹೋಗುವುದಿಲ್ಲ.

ಇಎಸ್‌ಐ ವೈದ್ಯರ ಅಂತಿಮ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಮೆಡಿಕಲ್ ಬೋರ್ಡ್‌ಗೆ ಅರ್ಜಿ ಹಾಕಿ, ವರ್ಷ ದಾಟಿಸಬೇಡಿ. ಬೋರ್ಡ್ ಶೇಕಡಾವಾರು ಕಡಿಮೆ ಕೊಟ್ಟರೆ ಮೂರು ತಿಂಗಳೊಳಗೆ ಮೇಲ್ಮನವಿಗೆ ಅವಕಾಶವಿದೆ.

ಪ್ರಶ್ನೆ: ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಲು ಏಜೆಂಟ್ 5,000 ರೂಪಾಯಿ ಕೇಳುತ್ತಿದ್ದಾರೆ. ಕೊಡಬೇಕೆ?

ಉತ್ತರ: ಒಂದು ಪೈಸೆಯೂ ಬೇಡ. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಉಚಿತ. ‘ಪರ್ಸೆಂಟೇಜ್ ಏರಿಸಿಕೊಡುತ್ತೇನೆ’ ಎನ್ನುವವನು ನಿಮ್ಮನ್ನೂ ಕೇಸಿಗೆ ಸಿಕ್ಕಿಸುತ್ತಾನೆ.

ಪ್ರಶ್ನೆ: ಅಂಗವಿಕಲ ನೌಕರ. ಸಂಬಳ 23,000 ಆಯಿತು, ಇಎಸ್‌ಐ ತಪ್ಪುತ್ತದೆಯೇ?

ಉತ್ತರ: ಇಲ್ಲ. ಉಳಿದವರಿಗೆ ಮಿತಿ 21,000, ನಿಮಗೆ 25,000.

ಪ್ರಶ್ನೆ: ಸರ್ಕಾರಿ ನೌಕರಿಯಲ್ಲಿದ್ದಾಗಲೇ ದೃಷ್ಟಿ ಹೋಯಿತು. ರಾಜೀನಾಮೆ ಕೊಡಲು ಹೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ಸಂಬಳದಲ್ಲಿ ನಿಮಗೊಪ್ಪುವ ಬೇರೆ ಹುದ್ದೆ ಕೊಡಬೇಕು ಎನ್ನುತ್ತದೆ 2016ರ ಕಾಯ್ದೆಯ 20ನೇ ಕಲಂ. ಅದನ್ನೇ ನಮೂದಿಸಿ ಲಿಖಿತವಾಗಿ ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ.