ಮೌಸ್ ಮರಿಯ ಮಿದುಳಿನಲ್ಲಿ ಮೀಥೈಲೇಷನ್: ಇಡೀ ಕಾರ್ಟೆಕ್ಸ್ ಅರೆದರೆ ಸಾಕೇ?

ಶಂಕರಘಟ್ಟದಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ ಓದುತ್ತಿದ್ದೀರಿ. ಬೇರೆ ಬೇರೆ ವಯಸ್ಸಿನ ಮೌಸ್ ಮರಿಗಳ ಕಾರ್ಟೆಕ್ಸನ್ನು ಇಡಿಯಾಗಿ ಅರೆದು ಬೈಸಲ್ಫೈಟ್ ಮಾಡಿದರೆ ಡಿಎನ್‌ಎ ಮೀಥೈಲೇಷನ್ ಹೇಗೆ ಬದಲಾಗುತ್ತದೆಂದು ಗೊತ್ತಾಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಮೀಥೈಲೇಷನ್ ಎಂದರೆ ಡಿಎನ್‌ಎಯ ಸಿ (ಸೈಟೊಸಿನ್) ಅಕ್ಷರಕ್ಕೆ ಮೀಥೈಲ್ ಗುಂಪು ಅಂಟುವುದು. ಬೈಸಲ್ಫೈಟ್ ಹಾಕಿದರೆ ಮೀಥೈಲ್ ಇಲ್ಲದ ಸಿ ಟಿ ಎಂದು ಓದಿಸಿಕೊಳ್ಳುತ್ತದೆ, ಮೀಥೈಲ್ ಇರುವುದು ಸಿ ಆಗಿಯೇ ಉಳಿಯುತ್ತದೆ. ಲೆಕ್ಕವೇನೋ ಸಿಗುತ್ತದೆ, ಅದು ಯಾವುದರ ಲೆಕ್ಕ ಎಂದು ಹೇಳಲು ಆಗುವುದಿಲ್ಲ.

ಮೌಸ್ ಕಾರ್ಟೆಕ್ಸಿನ ನ್ಯೂರಾನ್‌ಗಳು ಬಹುಪಾಲು ಹುಟ್ಟುವ ಮೊದಲೇ ತಯಾರಾಗಿರುತ್ತವೆ. ನ್ಯೂರಾನ್‌ಗಳಿಗೆ ಆಸರೆಯಾಗುವ ಗ್ಲಿಯಾ ಕೋಶಗಳು ಹೆಚ್ಚುವುದು ಹುಟ್ಟಿದ ಮೇಲಿನ ಮೂರ್ನಾಲ್ಕು ವಾರಗಳಲ್ಲಿ. ಒಂದು ಜೀನು ಗ್ಲಿಯಾದಲ್ಲಿ ಮೀಥೈಲ್ ಆಗಿದೆ, ನ್ಯೂರಾನಿನಲ್ಲಿ ಆಗಿಲ್ಲ ಎಂದಿಟ್ಟುಕೊಳ್ಳಿ. ಯಾವ ಕೋಶದಲ್ಲೂ ಏನೂ ಬದಲಾಗದಿದ್ದರೂ ವಾರದಿಂದ ವಾರಕ್ಕೆ ನಿಮ್ಮ ಶೇಕಡಾವಾರು ಏರುತ್ತಲೇ ಹೋಗುತ್ತದೆ. ಇದನ್ನೇ ಬದಲಾವಣೆ ಎಂದು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ.

ಹಾಗಾಗಿ ಮೊದಲು ನ್ಯೂಕ್ಲಿಯಸ್‌ಗಳನ್ನು ಬೇರ್ಪಡಿಸಿ. 0.32 ಮೋಲಾರ್ ಸುಕ್ರೋಸ್, 0.1% ಟ್ರೈಟಾನ್ ಇರುವ ಬಫರಿನಲ್ಲಿ ಡೌನ್ಸ್ ಹೋಮೋಜೆನೈಸರಿನಿಂದ ಐಸ್ ಮೇಲೆ ಅರೆಯಿರಿ. ಅದನ್ನು 1.8 ಮೋಲಾರ್ ಸುಕ್ರೋಸ್ ಮೇಲೆ ಮೆಲ್ಲಗೆ ಹಾಕಿ, ಅಲ್ಟ್ರಾಸೆಂಟ್ರಿಫ್ಯೂಜಿನಲ್ಲಿ ಸುಮಾರು ಒಂದು ಲಕ್ಷ ಜಿ ವೇಗದಲ್ಲಿ ಎರಡೂವರೆ ಗಂಟೆ ತಿರುಗಿಸಿ. ತಳದಲ್ಲಿ ಕೂತದ್ದನ್ನು ನ್ಯೂಎನ್ (ನ್ಯೂರಾನ್‌ಗಳ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟೀನು) ಆಂಟಿಬಾಡಿ ಹಾಕಿ, ನ್ಯೂರಾನಿನವನ್ನು ಉಳಿದವುಗಳಿಂದ ಬೇರ್ಪಡಿಸುವ ಯಂತ್ರದಲ್ಲಿ ಸಾರ್ಟ್ ಮಾಡಿಸಿ. ಸಾರ್ಟರ್ ಹತ್ತಿರದಲ್ಲಿಲ್ಲದಿದ್ದರೆ ಬೆಂಗಳೂರಿಗೆ ಒಯ್ಯಬೇಕಾದೀತು. ಸೆರೆಬೆಲ್ಲಮ್ ತಂಟೆಗೆ ಹೋಗಬೇಡಿ, ಅಲ್ಲಿನ ಪರ್ಕಿಂಜೆ ಕೋಶಗಳು ನ್ಯೂರಾನ್‌ಗಳಾದರೂ ಅವುಗಳಲ್ಲಿ ನ್ಯೂಎನ್ ಕಾಣದು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಅಂಗಾಂಶದ ನ್ಯೂಕ್ಲಿಯಸ್ ಒಡೆದು ಅಂಟಂಟಾಗುತ್ತದೆ. ನಮ್ಮ ಕಡೆ ಆಷಾಢದ ಮಳೆಗೆ ಕರೆಂಟು ಹೋಗುವುದು ಮಾಮೂಲು, ಮೈನಸ್ 80ರ ಫ್ರೀಜರಿಗೆ ಜನರೇಟರ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ವಯಸ್ಸು ಆರಿಸುವಾಗ ಹುಟ್ಟಿದ ಮರುದಿನ, 2 ವಾರ, 4 ವಾರ, 8 ವಾರ ಇರಲಿ. ಸಾಲ್ಕ್ ಸಂಸ್ಥೆಯ ಎಕರ್ ತಂಡದವರು 2013ರಲ್ಲಿ ತೋರಿಸಿದಂತೆ, ನ್ಯೂರಾನ್‌ಗಳಲ್ಲಿ ಮೀಥೈಲ್ ಸಾಮಾನ್ಯವಾಗಿ ಸೇರುವ ಸಿಜಿ (ಸಿ ಆದಮೇಲೆ ಜಿ) ಅಲ್ಲದ ಜಾಗಗಳಲ್ಲೂ, ಅದರಲ್ಲೂ ಸಿಎ (ಸಿ ಆದಮೇಲೆ ಎ) ಇರುವಲ್ಲಿ, ಅದು ಸೇರುತ್ತದೆ. ಹುಟ್ಟುವಾಗ ಇದು ಇಲ್ಲವೆನ್ನುವಷ್ಟು ಕಡಿಮೆ, 2ರಿಂದ 4ನೇ ವಾರದೊಳಗೆ ಸರ್ರನೆ ಏರುತ್ತದೆ. ಸಿನಾಪ್ಸ್‌ಗಳು ದಟ್ಟವಾಗುವುದೂ ಅದೇ ಹೊತ್ತಿಗೆ. ಈ ಮೀಥೈಲನ್ನು ಬರೆಯುವ, ಅಂದರೆ ಅಂಟಿಸುವ ಕಿಣ್ವ ಡಿಎನ್‌ಎಂಟಿ3ಎ, ಅದನ್ನು ಓದುವ, ಅಂದರೆ ಗುರುತಿಸಿ ಹಿಡಿಯುವ ಪ್ರೋಟೀನು ಎಂಇಸಿಪಿ2. ಮನುಷ್ಯರಲ್ಲಿ ಈ ಎರಡನೆಯದರ ಜೀನು ಕೆಟ್ಟರೆ ರೆಟ್ ಸಿಂಡ್ರೋಮ್ ಬರುತ್ತದೆ.

ನಿಮ್ಮ ಬೈಸಲ್ಫೈಟಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲೇ. ಬೇರೆ ಅಂಗಾಂಶಗಳಲ್ಲಿ ಸಿಜಿ ಅಲ್ಲದ ಸಿಗಳೆಲ್ಲ ಟಿ ಆದವೇ ಎಂದು ನೋಡಿ ಕನ್ವರ್ಷನ್ ಪರೀಕ್ಷಿಸುತ್ತಾರೆ. ನ್ಯೂರಾನಿನಲ್ಲಿ ಅದು ನಡೆಯದು, ಉಳಿದ ಸಿ ನಿಜವಾದ ಮೀಥೈಲ್ ಇರಬಹುದು. ಮೀಥೈಲ್ ಇಲ್ಲದ ಲ್ಯಾಂಬ್ಡಾ (ಬ್ಯಾಕ್ಟೀರಿಯಾದ ಒಂದು ವೈರಸ್) ಡಿಎನ್‌ಎಯನ್ನು ತೂಕದಲ್ಲಿ 0.5% ಬೆರೆಸಿ, ಅದರ ಕನ್ವರ್ಷನ್ ನೋಡಿ. ಈ ಜಾಗಗಳ ಮೀಥೈಲೇಷನ್ ಸರಾಸರಿ ಒಂದೆರಡು ಶೇಕಡಾ ಮಾತ್ರ, ಕನ್ವರ್ಷನ್ 99% ಬಂದರೆ ಉಳಿದ 1%ರಲ್ಲೇ ಅದು ಮುಳುಗಿಹೋಗುತ್ತದೆ. ಕಿಟ್ ಬಿಟ್ಟು ಪುಡಿಯಿಂದ ದ್ರಾವಣ ಮಾಡುವವರಾದರೆ ಅಂದೇ ಮಾಡಿ, ಪಿಎಚ್ 5ರ ಆಸುಪಾಸು ಇರಲಿ. ತೆರೆದಿಟ್ಟ ಮೆಟಾಬೈಸಲ್ಫೈಟ್ ಮಲೆನಾಡಿನ ಥಂಡಿಗೆ ತೇವ ಹೀರಿ ಗಡ್ಡೆಕಟ್ಟುತ್ತದೆ, ಗಾಳಿಗೆ ಸಲ್ಫೇಟ್ ಆಗುತ್ತದೆ, ಕನ್ವರ್ಷನ್ ಅರ್ಧಕ್ಕೇ ನಿಲ್ಲುತ್ತದೆ. ಹಾಗೆಂದು ಹೆಚ್ಚು ಹೊತ್ತು ಇಟ್ಟರೆ ಡಿಎನ್‌ಎ ಚೂರುಚೂರು, ಪಿಸಿಆರ್ ತುಣುಕು 300 ಬೇಸ್ ದಾಟದಿರಲಿ.

ಇನ್ನೊಂದು ತೊಡಕು, ನ್ಯೂರಾನ್‌ಗಳಲ್ಲಿ ಹೈಡ್ರಾಕ್ಸಿಮೀಥೈಲ್ ಸೈಟೊಸಿನ್ (ಮೀಥೈಲಿಗೆ ಆಕ್ಸಿಜನ್ ಸೇರಿದ ರೂಪ) ಧಾರಾಳ. ಸಾದಾ ಬೈಸಲ್ಫೈಟಿಗೆ ಅದಕ್ಕೂ ಮೀಥೈಲಿಗೂ ವ್ಯತ್ಯಾಸ ತಿಳಿಯದು. ಮೀಥೈಲನ್ನು ಮಾತ್ರ ತೋರಿಸುವ ಆಕ್ಸಿಡೇಟಿವ್ ಬೈಸಲ್ಫೈಟನ್ನೂ ಮಾಡಿ ಸಾದಾ ಬೈಸಲ್ಫೈಟಿನ ಲೆಕ್ಕದಿಂದ ಅದರ ಲೆಕ್ಕವನ್ನು ಕಳೆಯಬೇಕು. ಅದಕ್ಕೆ ದುಡ್ಡಿಲ್ಲದಿದ್ದರೆ ವರದಿಯಲ್ಲಿ "ಎರಡೂ ಸೇರಿ" ಎಂದು ಬರೆಯಿರಿ.

ಒಂದೇ ಸೂಲಿನ ಆರು ಮರಿಗಳನ್ನು ಆರು ಸ್ಯಾಂಪಲ್ ಎಂದು ಎಣಿಸಬೇಡಿ, ಅದು ಒಂದೇ. ಗಂಡು ಹೆಣ್ಣು ಬೇರೆ ಬೇರೆ ಇಡಿ. ಹೆಣ್ಣಿನಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಮುಚ್ಚಿರುವುದರಿಂದ ಅದರ ಮೇಲಿನ ಸಿಜಿ ದ್ವೀಪಗಳು (ಸಿಜಿ ದಟ್ಟವಾಗಿರುವ ಜಾಗಗಳು) ಅರ್ಧದಷ್ಟು ಮೀಥೈಲ್ ಆಗಿಯೇ ಕಾಣುತ್ತವೆ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಗೆ ಈಗಲೇ ಅರ್ಜಿ ಹಾಕಿ, ಅದಿಲ್ಲದೆ ಮರಿ ಮುಟ್ಟುವಂತಿಲ್ಲ.

ಒಂದೇ ಸೆಮಿಸ್ಟರ್ ಇದ್ದರೆ ನನ್ನ ಸಲಹೆ ಬೇರೆ. ಎಕರ್ ತಂಡದ ದತ್ತಾಂಶ ಜಿಇಓ ಎಂಬ ಸಾರ್ವಜನಿಕ ದತ್ತಾಂಶ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತದೆ, ಇಳಿಸಿಕೊಂಡು ನಾಲ್ಕೈದು ಜೀನುಗಳ ಸಿಜಿ ಮತ್ತು ಸಿಎಯನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿ. ಲ್ಯಾಬಿನ ಕೆಲಸವನ್ನು ಆಮೇಲೆ ಅದರಲ್ಲಿ ಒಂದೇ ಜೀನಿಗೆ ಮಾಡಿದರಾಯಿತು.